ಮಳೆ ಬಂದರೂ ಗಾಲಿ ಉರುಳಲಿ

ಉಡುಪಿ ಕಡೆ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸುತ್ತಮುತ್ತ ಅದರ ಕಾಲು ಭಾಗಕ್ಕಿಂತಲೂ ತುಸು ಕಡಿಮೆ. ನಾವು ದುಡಿಯುವ ಕೊಲ್ಲಿ ನಾಡಿನಲ್ಲಿ, ದುಬೈಯಂಥ ಊರಿನಲ್ಲಿ, 100 ಮಿಲಿಮೀಟರ್ ಕೂಡ ಇಲ್ಲ. ಈ ಲೆಕ್ಕ ಹಿಡಿದರೆ ಮಳೆಯ ಕಷ್ಟ ಹೇಳುವ ಹಕ್ಕು ನಮ್ಮ ಕರಾವಳಿಯವರಿಗೇ ಸಲ್ಲಬೇಕು. ಆದರೆ ವೀಲ್‌ಚೇರ್‌ನಲ್ಲಿ ಕೂತವರು ಮಳೆಯನ್ನು ಮಿಲಿಮೀಟರ್‌ನಲ್ಲಿ ಅಳೆಯುವುದಿಲ್ಲ, ಅಡಿಯಲ್ಲಿ ಅಳೆಯುತ್ತಾರೆ. ಕಾರಿನಿಂದ ಬಾಗಿಲಿಗೆ ಎಷ್ಟು ಅಡಿ? ಅದರಲ್ಲಿ ಮಾಡು ಇರುವುದು ಎಷ್ಟು ಅಡಿ, ಇಲ್ಲದ್ದು ಎಷ್ಟು ಅಡಿ? ಆ ಹತ್ತಿಪ್ಪತ್ತು ಅಡಿಯಲ್ಲೇ ಅವರ ಮಳೆಗಾಲ ಇರುವುದು.

ಈ ವರ್ಷದ ರಜೆಯಲ್ಲಿ ನಾವಿಬ್ಬರು, ಗಂಡ ಹೆಂಡತಿ, ಊರಿಗೆ ಹೋಗದೆ ಟೆಕ್ಸಾಸ್‌ನ ಕಾಪೆಲ್‌ನಲ್ಲಿರುವ ಅಕ್ಕನ ಮನೆಗೆ ಹೋದೆವು. ಏಪ್ರಿಲ್ ಕೊನೆಯಿಂದ ಐದು ವಾರ ಅಲ್ಲೇ ಇದ್ದೆವು. ಏಳು ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ಭಾವನ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾರೆ. ಮನೆಯೊಳಗೆ, ಕಾರಿನಲ್ಲಿ ಹೋಗುವಾಗ ಕೈಯಿಂದ ತಳ್ಳುವ ಕುರ್ಚಿ. ದೂರದ ಸುತ್ತಾಟಕ್ಕೆ ಬ್ಯಾಟರಿ ಕುರ್ಚಿ. ಆಸ್ಪತ್ರೆಯ ಔಷಧ ಕಿಟಕಿಯ ಹಿಂದೆ ಇಪ್ಪತ್ತು ವರ್ಷ ಕಳೆದ ನಮಗೆ ವೀಲ್‌ಚೇರ್ ಹೊಸತಲ್ಲ. ಆದರೆ ಕಿಟಕಿಯಿಂದ ಕಾಣುವುದು ಆಸ್ಪತ್ರೆಯ ಒಣ ನೆಲದ ಮೇಲಿನ ಕುರ್ಚಿ ಮಾತ್ರ. ಅದೇ ಕುರ್ಚಿಯನ್ನು ಮಳೆಯಲ್ಲಿ ನೋಡಿದ್ದನ್ನು ನಮ್ಮ ಸಂಘದ ಓದುಗರಿಗೆ ಹೇಳಬೇಕೆನ್ನಿಸಿತು. ನಮ್ಮಲ್ಲೂ ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಂಡವರಿದ್ದೇವೆ. ಪಾರ್ಶ್ವವಾಯು ಆದವರು, ಮಂಡಿ ಸೋತವರು ಎಲ್ಲ ಮನೆಗಳಲ್ಲೂ ಇದ್ದಾರೆ.

ಟೆಕ್ಸಾಸ್ ಮಳೆಯ ರೀತಿ

ಕಾಪೆಲ್ ಡಲ್ಲಾಸ್ ನಗರದ ವಾಯವ್ಯಕ್ಕಿರುವ ಪಟ್ಟಣ. ದೊಡ್ಡ ಡಿಎಫ್‌ಡಬ್ಲ್ಯು ವಿಮಾನ ನಿಲ್ದಾಣದ ಒಂದು ಅಂಚು ಈ ಊರಿನ ಗಡಿಯೊಳಗೇ ಬರುತ್ತದೆ. ಡೆಂಟನ್ ಕ್ರೀಕ್ ಎಂಬ ಹೊಳೆ ಊರಿನಲ್ಲಿ ಹಾದು ಟ್ರಿನಿಟಿ ನದಿಯ ಎಲ್ಮ್ ಫೋರ್ಕ್ ಕವಲನ್ನು ಸೇರುತ್ತದೆ. ಭಾರತೀಯರು ಧಾರಾಳ, ಪಕ್ಕದ ಅರ್ವಿಂಗ್‌ನಲ್ಲಿ ಏಕತಾ ಮಂದಿರ, ದಿನಸಿ ಅಂಗಡಿ, ಇಡ್ಲಿ ದೋಸೆ ಎಲ್ಲ ಉಂಟು. ಆದರೆ ಇಲ್ಲಿ ಕಾರೇ ಕಾಲು. ಹಾಗಾಗಿ ದಿನಕ್ಕೆ ನಾಲ್ಕು ಸಲ ಕಾರು ಹತ್ತಿ ಇಳಿಯುವ ಕೆಲಸ ತಪ್ಪುವುದಿಲ್ಲ.

ನಮ್ಮ ಆರಿದ್ರಾ, ಪುನರ್ವಸು ಮಳೆಗೆ ಒಂದು ಕ್ರಮವಿದೆ. ಹಿಡಿದರೆ ಮೂರು ದಿನ ಬಿಡುವುದಿಲ್ಲ ಎಂದು ಗೊತ್ತಿರುವುದರಿಂದ ಮನೆಯೇ ಅದಕ್ಕೆ ತಯಾರಾಗಿರುತ್ತದೆ. ಪಾಚಿ ಹಿಡಿದ ಅಂಗಳದಲ್ಲಿ ಜಾರದಂತೆ ಅಡಿಕೆ ಸೋಗೆ ಹಾಸುತ್ತೇವೆ, ಜಗಲಿಯ ಮಾಡು ಉದ್ದಕ್ಕೆ ಇಳಿಸುತ್ತೇವೆ. ಟೆಕ್ಸಾಸ್‌ನಲ್ಲಿ ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಚುರುಚುರು ಬಿಸಿಲು, ಮಧ್ಯಾಹ್ನ ಪಶ್ಚಿಮದಲ್ಲಿ ಕರಿ ಗೋಡೆ ಎದ್ದಂತೆ ಮೋಡ, ಇಪ್ಪತ್ತು ನಿಮಿಷ ಗಾಳಿ, ಸಿಡಿಲು, ಕೆಲವೊಮ್ಮೆ ಆಲಿಕಲ್ಲು, ಮತ್ತೆ ಬಿಸಿಲು. ನಡೆಯುವವರು ನಾಲ್ಕು ಹೆಜ್ಜೆ ಓಡಿ ಮಾಡಿನ ಕೆಳಗೆ ಸೇರುತ್ತಾರೆ. ಭಾವ ಹೇಳಿದ ಮಾತು ಇದು: "ಮಳೆ ಬಂದ್ರೆ ನೀವೆಲ್ಲ ಓಡ್ತೀರಿ. ನಂಗೆ ಓಡ್ಲಿಕ್ಕೆ ಆಗುದಿಲ್ಲ. ವ್ಯತ್ಯಾಸ ಅಷ್ಟೇ ಮಾರಾಯ್ರೆ."

ನೆಲವೂ ಸಹಕರಿಸುವುದಿಲ್ಲ. ಡಲ್ಲಾಸ್ ಸುತ್ತಿನ ಬಹುಭಾಗ ನಮ್ಮ ಧಾರವಾಡ, ವಿಜಯಪುರ ಕಡೆಯ ಎರೆಮಣ್ಣಿನಂಥ ಜೇಡಿ ನೆಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಅದರ ಮೇಲಿನ ಕಾಂಕ್ರೀಟ್ ಕಾಲುದಾರಿಯ ಚಪ್ಪಡಿಗಳು ಒಂದು ಮೇಲೆದ್ದು ಇನ್ನೊಂದು ತಗ್ಗುತ್ತವೆ. ಒಣ ದಿನದಲ್ಲಿ ಆ ಒಂದು ಇಂಚಿನ ಏಣು ಕಣ್ಣಿಗೆ ಕಾಣುತ್ತದೆ, ಕುರ್ಚಿಯ ಮುಂದಿನ ಸಣ್ಣ ಗಾಲಿ ಎತ್ತಿ ದಾಟಬಹುದು. ಮಳೆ ಬಂದಾಗ ಅಲ್ಲೇ ನೀರು ನಿಂತು ಏಣು ಮುಚ್ಚಿಹೋಗುತ್ತದೆ. ಸಣ್ಣ ಗಾಲಿ ಅದಕ್ಕೆ ತಾಗಿ ಗಕ್ಕನೆ ನಿಂತರೆ ಕೂತವರು ಮುಂದಕ್ಕೆ ಬೀಳುತ್ತಾರೆ. ರಸ್ತೆ ದಾಟಲು ಕಾಲುದಾರಿಯನ್ನು ಇಳಿಜಾರು ಮಾಡಿರುತ್ತಾರಲ್ಲ, ರಸ್ತೆಬದಿಯ ನೀರೆಲ್ಲ ಹರಿದು ಬರುವುದೂ ಆ ತಗ್ಗಿಗೇ. ಕುರ್ಚಿಗಾಗಿ ಮಾಡಿದ ದಾರಿಯಲ್ಲೇ ಮಳೆಗಾಲದ ಹೊಂಡ. ನೆಲ ಕಾಣದ ನೀರಿಗೆ ಗಾಲಿ ಇಳಿಸಬಾರದು ಎನ್ನುವುದು ಭಾವನ ಮೊದಲ ನಿಯಮ.

ಕುರ್ಚಿಗೂ ಮಳೆಗೂ ಆಗದು

ಕೊಡೆ ಹಿಡಿದರಾಯಿತಲ್ಲ ಎಂದು ನಮಗೂ ಅನ್ನಿಸುತ್ತದೆ. ಕೈಯಿಂದ ತಳ್ಳುವ ಕುರ್ಚಿಗೆ ಎರಡೂ ಕೈ ಬೇಕು; ಒಂದೇ ಕೈಯಲ್ಲಿ ತಳ್ಳಿದರೆ ಕುರ್ಚಿ ಸುತ್ತು ಹೊಡೆಯುತ್ತದೆ. ಕುರ್ಚಿಗೆ ಕಟ್ಟುವ ಕೊಡೆ ಸಿಗುತ್ತದೆ, ಆದರೆ ಟೆಕ್ಸಾಸ್ ಗಾಳಿಗೆ ಅದು ಹಾಯಿಪಟದಂತೆ ಕುರ್ಚಿಯನ್ನೇ ಎಳೆಯುತ್ತದೆ. ಕೂತವರ ಅಳತೆಗೆ ಹೊಲಿದ ರೇನ್‌ಕೋಟ್ ಒಳ್ಳೆಯದು: ಮುಂದೆ ಮಂಡಿ ದಾಟಿ ಪಾದದ ತನಕ ಉದ್ದ, ಹಿಂದೆ ಗಿಡ್ಡ. ಸಾಮಾನ್ಯ ರೇನ್‌ಕೋಟ್‌ನಲ್ಲಿ ಮಡಿಲೇ ಒಂದು ಬೋಗುಣಿಯಾಗಿ ನೀರು ತುಂಬುತ್ತದೆ. ಅಂಚು ಸಡಿಲವಾಗಿ ಜೋತುಬಿದ್ದರೆ ಗಾಲಿಯ ಕಡ್ಡಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಗಾಲಿಯ ಪಕ್ಕದಲ್ಲಿ ಕೈಯಿಂದ ತಳ್ಳುವ ಲೋಹದ ರಿಮ್ ಒದ್ದೆಯಾದರೆ ಸೋಪು ಹಚ್ಚಿದಂತೆ ಜಾರುತ್ತದೆ. ಇಳಿಜಾರಿನಲ್ಲಿ ಕುರ್ಚಿ ತಡೆಯುವುದು ಆ ರಿಮ್ ಮೇಲಿನ ಹಿಡಿತವೇ. ಚರ್ಮದ ಕೈಗವಸು ನೆಂದರೆ ಉಪಯೋಗವಿಲ್ಲ. ತೋಟದ ಕೆಲಸಕ್ಕೆ ಸಿಗುವ, ಅಂಗೈಗೆ ರಬ್ಬರ್ ಲೇಪವಿರುವ ಅಗ್ಗದ ಕೈಗವಸೇ ಮೇಲು ಎಂದು ಭಾವ ಕಂಡುಕೊಂಡಿದ್ದಾರೆ. ಕುರ್ಚಿ ನಿಲ್ಲಿಸುವ ಬ್ರೇಕ್ ಟೈರಿಗೆ ಒತ್ತಿ ಹಿಡಿಯುವಂಥದ್ದು. ಟೈರು ಒದ್ದೆಯಾದರೆ ಅದೂ ಜಾರಬಹುದು. ಒದ್ದೆ ನೆಲದಲ್ಲಿ ಕಾರಿನ ಸೀಟಿಗೆ ದಾಟುವಾಗ ಒಬ್ಬರು ಹಿಂದಿನಿಂದ ಕುರ್ಚಿ ಹಿಡಿದಿರಬೇಕು.

ಬ್ಯಾಟರಿ ಕುರ್ಚಿಗೆ ಇನ್ನೊಂದು ಭಯ. ಅದನ್ನು ನಡೆಸುವ ಸಣ್ಣ ಹಿಡಿಕೆ, ಜಾಯ್‌ಸ್ಟಿಕ್, ತೋಳಿನ ತುದಿಯಲ್ಲಿ ಮಳೆಗೆ ತೆರೆದುಕೊಂಡಿರುತ್ತದೆ. ಅದರೊಳಗೆ ನೀರು ಹೋದರೆ ಕುರ್ಚಿ ನಿಂತಲ್ಲೇ ನಿಂತೀತು. 100 ಕಿಲೋ ದಾಟುವ ಕುರ್ಚಿಯನ್ನು ಕೂತವರ ಸಮೇತ ಎತ್ತಲು ಯಾರಿಂದಲೂ ಆಗದು. ಇದಕ್ಕೆ ಅಕ್ಕನ ಮದ್ದು ಅಡುಗೆಮನೆಯದು: ಸ್ನಾನಕ್ಕೆ ತಲೆಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಟೋಪಿಯನ್ನು ಜಾಯ್‌ಸ್ಟಿಕ್‌ಗೆ ಹೊದಿಸುವುದು. ಮನೆಗೆ ಬಂದ ಮೇಲೆ ಪೂರ್ತಿ ಒಣಗದೆ ಚಾರ್ಜಿಗೆ ಹಾಕುವುದಿಲ್ಲ. ಬಾಗಿಲಲ್ಲಿ ಒರಟು ಚಾಪೆ, ಅದರಾಚೆ ಹಳೆ ಟವೆಲ್. ಎರಡರ ಮೇಲೂ ಹಿಂದೆ ಮುಂದೆ ಉರುಳಿಸಿ ಗಾಲಿ ಒರೆಸಿದ ಮೇಲೆ ಒಳಗೆ. ನಾವು ಹೊರಗೆ ಚಪ್ಪಲಿ ಬಿಡುತ್ತೇವೆ, ಅವರು ಚಪ್ಪಲಿ ಸಮೇತ ಒಳಗೆ ಬರಬೇಕಾದವರು.

ಔಷಧ ಕಿಟಕಿಯಿಂದ ನಾಲ್ಕು ಮಾತು

ಮಳೆಯಲ್ಲಿ ನೆಂದರೆ ಶೀತ ಆಗುತ್ತದೆ ಎಂದು ಹೆದರುವವರು ಹೆಚ್ಚು. ವೀಲ್‌ಚೇರ್‌ನವರಿಗೆ ನಿಜವಾಗಿ ಹೆದರಬೇಕಾದ್ದು ಚರ್ಮಕ್ಕೆ. ಸೀಟಿನ ದಿಂಬು ಒದ್ದೆಯಾಗಿ ಅದರ ಮೇಲೆ ಎರಡು ಗಂಟೆ ಕೂತರೆ ಚರ್ಮ ಮೆತ್ತಗಾಗುತ್ತದೆ, ಮೂಳೆ ಒತ್ತುವಲ್ಲಿ ಹುಣ್ಣಾಗುತ್ತದೆ. ಸ್ಪರ್ಶಜ್ಞಾನ ಇಲ್ಲದಲ್ಲಿ ಒದ್ದೆಯಾದದ್ದೇ ಗೊತ್ತಾಗುವುದಿಲ್ಲ. ಈ ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ ಬೇಕಾಗಬಹುದು. ಆದ್ದರಿಂದ ದಿಂಬಿಗೆ ನೀರು ಹಿಡಿಯದ ಹೊದಿಕೆ, ಚೀಲದಲ್ಲಿ ಒಂದು ಒಣ ಪ್ಯಾಂಟು ಮತ್ತು ಟವೆಲ್ ಇರಲೇಬೇಕು. ಮನೆಗೆ ಬಂದ ಕೂಡಲೇ ಒರೆಸಿ, ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಬೆನ್ನುಹುರಿಯ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಭಾಗದಲ್ಲಿ ನಡುಕ ಹುಟ್ಟಿ ಮೈ ಬಿಸಿಯಾಗುವುದೂ ಕಷ್ಟ. ಒದ್ದೆ ಬಟ್ಟೆಯಲ್ಲಿ ಹೊರಗಿನಿಂದ ಬಂದು ಏರ್ ಕಂಡೀಷನ್ ಸಭಾಂಗಣದಲ್ಲಿ ಕೂರಿಸಬಾರದು.

ಎರಡನೆಯದು ಕೈ. ರಸ್ತೆಯ ನೀರು ಟೈರಿನಿಂದ ರಿಮ್‌ಗೆ, ರಿಮ್‌ನಿಂದ ಅಂಗೈಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ ಎಲ್ಲರಿಗೂ ಗೊತ್ತು. ಇಲಿ ಮೂತ್ರ ಸೇರಿದ ನೀರು ಚರ್ಮದ ಗಾಯದಿಂದ ಒಳಗೆ ಹೋದರೆ ಬರುವ ಕಾಯಿಲೆ ಅದು. ದಿನವಿಡೀ ಗಾಲಿ ತಳ್ಳುವವರ ಕೈಯಲ್ಲಿ ಸಣ್ಣ ಗೀರು ಇದ್ದೇ ಇರುತ್ತದೆ. ಮೂತ್ರದ ನಳಿಕೆ ಬಳಸುವವರಾದರೆ ಅದೇ ಕೈಯಿಂದ ಮೂತ್ರದ ಸೋಂಕೂ ಆಗಬಹುದು. ಕೈಗವಸು, ಆಮೇಲೆ ಸೋಪು ನೀರು. ಇದಕ್ಕಿಂತ ಅಗ್ಗದ ಔಷಧ ನಮ್ಮ ಅಂಗಡಿಯಲ್ಲಿ ಇಲ್ಲ.

ಮೂರನೆಯದು ಮಾತ್ರೆ. ಸ್ನಾಯು ಸೆಡೆತಕ್ಕೆ ಕೊಡುವ ಬ್ಯಾಕ್ಲೋಫೆನ್, ಅಪಸ್ಮಾರದ ಮಾತ್ರೆ ಇಂಥವನ್ನು ಹಠಾತ್ತಾಗಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಫಿಟ್ಸ್ ಬರಬಹುದು. ಬಿರುಗಾಳಿ ಮಳೆಯ ಮುನ್ಸೂಚನೆ ಬಂದಾಗ ಡಬ್ಬಿಯಲ್ಲಿ ಎರಡೇ ದಿನದ ಮಾತ್ರೆ ಉಳಿದಿದ್ದರೆ ಅದೇ ತುರ್ತುಸ್ಥಿತಿ. ಕನಿಷ್ಠ ಒಂದು ವಾರದ ಮಾತ್ರೆ ಜಿಪ್ ಕವರಿನಲ್ಲಿ, ಜೊತೆಗೆ ಔಷಧದ ಹೆಸರು ಮತ್ತು ಪ್ರಮಾಣ ಬರೆದ ಚೀಟಿ ಇನ್ನೊಂದು ಕವರಿನಲ್ಲಿ. ಪ್ರವಾಹದ ನೀರು ತಾಗಿದ ಮಾತ್ರೆಯನ್ನು ಒಣಗಿಸಿ ತಿನ್ನಬಾರದು, ಎಸೆಯಬೇಕು. ಕರೆಂಟು ಹೋದರೆ ಇನ್ಸುಲಿನ್ ಹಾಳಾಯಿತೆಂದು ಗಾಬರಿ ಬೇಡ; ಹೆಚ್ಚಿನ ಇನ್ಸುಲಿನ್‌ಗಳು 30 ಡಿಗ್ರಿ ಮೀರದ ಕೋಣೆಯಲ್ಲಿ ಸುಮಾರು 28 ದಿನ ತಡೆಯುತ್ತವೆ. ಆದರೆ ಕಾರಿನಲ್ಲಿ ಬಿಡಬಾರದು.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಳೆಯಲ್ಲಿ ಹೊರಗೆ ಶೌಚಾಲಯಕ್ಕೆ ಹೋಗುವ ಕಷ್ಟ ನೆನೆದು ಬಹಳ ಜನ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ, ಮೂತ್ರ ಹೋಗಿಸುವ ಮಾತ್ರೆಯನ್ನು ತಾವೇ ತಪ್ಪಿಸುತ್ತಾರೆ. ಎರಡೂ ಅಪಾಯ. ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನೋ ನಮ್ಮಂಥವರನ್ನೋ ಕೇಳಿ, ಸಂಕೋಚ ಬೇಡ.

"ನೀವು ಮನೆಯಲ್ಲೇ ಇರಿ"

ಈ ಎಲ್ಲ ಕಷ್ಟಕ್ಕೂ ಒಂದು ಸುಲಭ ಪರಿಹಾರ ಎಲ್ಲ ಮನೆಗಳಲ್ಲೂ ಇರುತ್ತದೆ: "ಮಳೆ ಉಂಟಲ್ಲ, ನೀವು ಮನೆಯಲ್ಲೇ ಇರಿ, ನಾವು ಬೇಗ ಹೋಗಿ ಬರ್ತೇವೆ." ಪ್ರೀತಿಯಿಂದಲೇ ಹೇಳುವ ಮಾತು. ಹಿಂದಿನ ವರ್ಷ ಒಂದು ಮದುವೆಗೆ ಹೀಗೇ ಆಗಿತ್ತು. ಸಭಾಂಗಣದ ರ‍್ಯಾಂಪ್ ಹಿಂಬದಿಯಲ್ಲಿ, ಮಾಡಿಲ್ಲದೆ ಇತ್ತು. ಮಳೆ ಸುರಿಯುತ್ತಿತ್ತು. ಭಾವ ಮನೆಯಲ್ಲಿ ಕೂತು ಫೋನಿನಲ್ಲಿ ಧಾರೆ ನೋಡಿದರು. ಆಮೇಲೆ ಒಂದು ಹುಟ್ಟುಹಬ್ಬಕ್ಕೂ ಹಾಗೇ. ಮೂರನೆಯ ಸಲ ಅವರನ್ನು ಕೇಳದೆಯೇ ಎಲ್ಲರೂ ಹೊರಟಿದ್ದರು. "ಮಳೆಗಿಂತ ಅದು ಹೆಚ್ಚು ಬೇಜಾರು" ಎಂದಷ್ಟೇ ಅಂದರು.

ಈ ಸಲ ನಾವಿದ್ದಾಗ ಅಕ್ಕನ ಮಗಳ ಹೈಸ್ಕೂಲ್ ಪದವಿ ಸಮಾರಂಭ. ಸಂಜೆಗೆ ಗುಡುಗು ಮಳೆಯ ಮುನ್ಸೂಚನೆ. ಹೋಗುವುದೋ ಬಿಡುವುದೋ ಎಂಬ ಚರ್ಚೆಯನ್ನು ಭಾವ ಒಂದೇ ಮಾತಿನಲ್ಲಿ ಮುಗಿಸಿದರು: "ನಾನು ಬರ್ತೇನೆ. ಹೇಗೆ ಅಂತ ಮಾತ್ರ ಯೋಚನೆ ಮಾಡಿ." ಹಿಂದಿನ ದಿನವೇ ಫೋನ್ ಮಾಡಿ ಮಾಡು ಇರುವ ಬಾಗಿಲು ಯಾವುದು, ಅಲ್ಲಿ ಕಾರು ನಿಲ್ಲಿಸಬಹುದೇ ಎಂದು ಕೇಳಿದೆವು. ಮೋಡ ಬರುವ ಮುಂಚೆ, ಒಂದೂವರೆ ಗಂಟೆ ಮೊದಲೇ ಹೊರಟೆವು. ರೇಡಾರ್ ಚಿತ್ರ ನೋಡುವ ಕೆಲಸ ಒಬ್ಬರಿಗೆ, ಒಣ ಬಟ್ಟೆಯ ಚೀಲ ಒಬ್ಬರಿಗೆ, ಕುರ್ಚಿ ಹಿಡಿಯುವ ಕೆಲಸ ಒಬ್ಬರಿಗೆ. ವಾಪಸು ಬರುವಾಗ ಧೋ ಎಂದು ಸುರಿಯುತ್ತಿತ್ತು. ಒಳಗೇ ನಲವತ್ತು ನಿಮಿಷ ಕಾದೆವು. ಭಾವನ ಮಂಡಿ ಮತ್ತು ನಮ್ಮ ಸೀರೆಯ ನೆರಿಗೆ ಒದ್ದೆಯಾಯಿತು, ಅಷ್ಟೇ. ಮಗಳು ಟೋಪಿ ಹಾಕಿಕೊಂಡು ವೇದಿಕೆ ಹತ್ತಿದಾಗ ಮೊದಲು ಹುಡುಕಿದ್ದು ಅಪ್ಪನನ್ನು.

ಮನೆಯಲ್ಲಿ ಇದ್ದರೂ

ಮನೆಯಲ್ಲಿ ಇರುವುದೇ ಕ್ಷೇಮ ಎನ್ನುವುದೂ ಎಲ್ಲ ಸಲ ನಿಜವಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಟೆಕ್ಸಾಸ್ ಕರಾವಳಿಗೆ ಬಂದಾಗ ಕೆಲವೆಡೆ ಕೆಲವೇ ದಿನಗಳಲ್ಲಿ 1,500 ಮಿಲಿಮೀಟರ್ ದಾಟಿ ಮಳೆ ಬಿತ್ತು. ಹ್ಯೂಸ್ಟನ್ ಹತ್ತಿರದ ಡಿಕಿನ್ಸನ್ ಎಂಬಲ್ಲಿ ಲಾ ವೀಟಾ ಬೆಲ್ಲಾ ಎಂಬ ವೃದ್ಧರ ಆರೈಕೆ ಮನೆಯಲ್ಲಿ ವಯಸ್ಸಾದ ಹೆಂಗಸರು, ವೀಲ್‌ಚೇರ್‌ನವರೂ ಸೇರಿ, ಸೊಂಟದ ತನಕ ನೀರಿನಲ್ಲಿ ಕೂತ ಫೋಟೊ ಆಗಸ್ಟ್ 27ರಂದು ಜಗತ್ತೆಲ್ಲ ಹರಡಿತು. ಅದೇ ದಿನ ಅವರೆಲ್ಲರನ್ನೂ ಪಾರು ಮಾಡಿದರು. ಫೋಟೊ ಹೊರಗೆ ಹೋದ್ದರಿಂದ ಅವರ ಕಷ್ಟ ಊರಿಗೆ ತಿಳಿಯಿತು. ನಮ್ಮ ಮನೆಯಲ್ಲಿ ಎದ್ದು ಹೋಗಲಾಗದವರು ಇದ್ದಾರೆಂದು ನೀರು ಏರುವ ಮೊದಲೇ ಯಾರಿಗೋ ಗೊತ್ತಿರಬೇಕು.

ಅದಕ್ಕೆ ಟೆಕ್ಸಾಸ್‌ನಲ್ಲಿ 'ಸ್ಟಿಯರ್' ಎಂಬ ಸರ್ಕಾರಿ ಪಟ್ಟಿ ಇದೆ. 211 ಸಂಖ್ಯೆಗೆ ಕರೆ ಮಾಡಿ, ನಮ್ಮ ಮನೆಯಲ್ಲಿ ವೀಲ್‌ಚೇರ್‌ನವರಿದ್ದಾರೆ, ತುರ್ತಿನಲ್ಲಿ ಇಂಥ ನೆರವು ಬೇಕು ಎಂದು ಉಚಿತವಾಗಿ ಬರೆಸಬಹುದು. ಬರೆಸಿದ ಮಾತ್ರಕ್ಕೆ ನೆರವು ಬಂದೇ ಬರುತ್ತದೆ ಎಂಬ ಖಾತರಿ ಇಲ್ಲ; ಪ್ರತಿ ವರ್ಷ ಹೊಸದಾಗಿ ಬರೆಸಬೇಕು. ಅಕ್ಕನ ಮನೆಯವರು ಬರೆಸಿದ್ದಾರೆ, ಜೊತೆಗೆ ಎರಡು ಪಕ್ಕದ ಮನೆಗಳಲ್ಲಿ ಕೀಲಿಕೈ ಕೊಟ್ಟಿದ್ದಾರೆ. ಸುಂಟರಗಾಳಿಯ ಎಚ್ಚರಿಕೆ ಬಂದರೆ ಕಿಟಕಿಯಿಲ್ಲದ ಒಳಕೋಣೆಗೆ ಸೇರಬೇಕು. ಆ ಕೋಣೆಯ ಬಾಗಿಲು 24 ಇಂಚು, ಕುರ್ಚಿ 25 ಇಂಚು ಇದ್ದದ್ದು ಅಳೆದಾಗ ಗೊತ್ತಾಗಿ, ಬಾಗಿಲನ್ನೇ ಅಗಲ ಮಾಡಿಸಿದರು. ರಸ್ತೆಯಲ್ಲಿ ಹರಿಯುವ ನೀರಿನ ಬಗ್ಗೆ ಅಲ್ಲಿನ ಹವಾಮಾನ ಇಲಾಖೆಯ ಲೆಕ್ಕ ಹೀಗಿದೆ: 6 ಇಂಚು ನೀರು ನಿಂತ ಮನುಷ್ಯನನ್ನು ಬೀಳಿಸಬಲ್ಲದು, 12 ಇಂಚು ಸಣ್ಣ ಕಾರನ್ನು ತೇಲಿಸಬಲ್ಲದು. ಆಸ್ಟಿನ್ ಕಡೆಯ ಗುಡ್ಡಗಾಡಿನ ತಗ್ಗು ರಸ್ತೆಗಳಲ್ಲಿ ನೀರಿನ ಆಳ ತೋರಿಸುವ ಅಳತೆಗೋಲು ನೆಟ್ಟಿರುವುದು ಇದಕ್ಕೇ.

ಇದೆಲ್ಲ ಅಮೆರಿಕದ ಮಾತು, ಮಳೆಯೇ ಇಲ್ಲದ ನಮಗೇಕೆ ಎನ್ನಬೇಡಿ. 2024ರ ಏಪ್ರಿಲ್ 16ನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಅಲ್ ಐನ್ ಬಳಿಯ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಸುರಿಯಿತು. 1949ರಿಂದ ದಾಖಲೆ ಇಟ್ಟ ಮೇಲೆ ಯುಎಇಯಲ್ಲಿ ಅಂಥ ಮಳೆ ಬಂದಿರಲಿಲ್ಲ. ನೆಲಮಾಳಿಗೆಗೆ ನೀರು ನುಗ್ಗಿ ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ನಿಂತಿತು. ನಡೆಯಬಲ್ಲವರು ಹತ್ತು ಮಹಡಿ ಹತ್ತಿ ಇಳಿದು ಕಾಲು ನೋವೆಂದರು. ಕುರ್ಚಿಯಲ್ಲಿದ್ದವರಿಗೆ ಮೆಟ್ಟಿಲೆಂಬ ದಾರಿಯೇ ಇಲ್ಲ. ನಿಮ್ಮ ಕಟ್ಟಡದ ವಾಚ್‌ಮನ್‌ಗೆ ನಿಮ್ಮ ಅಮ್ಮ ಎಷ್ಟನೇ ಮಹಡಿಯಲ್ಲಿ ಇದ್ದಾರೆಂದು ಗೊತ್ತಿದೆಯೇ? ಇವತ್ತೇ ಹೇಳಿಬಿಡಿ. ಒಂದು ವಾರದ ಔಷಧ, ಕುಡಿಯುವ ನೀರು, ಚಾರ್ಜ್ ತುಂಬಿದ ಬ್ಯಾಟರಿ ಮನೆಯಲ್ಲಿರಲಿ.

ನಮ್ಮ ಸಂಘದವರು ಏನು ಮಾಡಬಹುದು

ಕಾನೂನುಗಳಿವೆ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ. ನಮ್ಮ ದೇಶದಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆ. ಅವುಗಳಿಗೂ ಮುಂಚೆ, 1959ರಲ್ಲೇ, ಸ್ವತಃ ಪೋಲಿಯೊ ಪೀಡಿತರಾದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಎಪಿಡಿ ಸಂಸ್ಥೆ ಕಟ್ಟಿದರು. ಕಾನೂನು ರ‍್ಯಾಂಪ್ ಕಟ್ಟಿಸುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಲಿ ಎನ್ನುತ್ತದೆ. ಆ ರ‍್ಯಾಂಪ್ ಮಳೆಯಲ್ಲಿ ಜಾರುತ್ತದೆಯೇ, ಅಲ್ಲಿಯ ತನಕ ಮಾಡು ಉಂಟೇ ಎಂದು ಹೋಗಿ ನೋಡುವ ಕೆಲಸ ಕಾರ್ಯಕ್ರಮ ನಡೆಸುವವರದ್ದು.

ರಾಜ್ಯೋತ್ಸವ ಬರುವುದು ನವೆಂಬರ್‌ನಲ್ಲಿ; ಕೊಲ್ಲಿಯ ಮಳೆ ಶುರುವಾಗುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಸಭಾಂಗಣ ಗೊತ್ತು ಮಾಡುವಾಗ ಊಟದ ಹಾಲ್ ನೋಡುವಂತೆ ಕಾರು ನಿಲ್ಲುವ ಜಾಗದಿಂದ ಬಾಗಿಲ ತನಕ ಒಮ್ಮೆ ನಡೆದು ನೋಡಿ. ಬಾಗಿಲ ಬಳಿ ನಾಲ್ಕು ಒಣ ಟವೆಲ್, ಒಂದು ದೊಡ್ಡ ಕೊಡೆ, ಇಬ್ಬರು ಸ್ವಯಂಸೇವಕರು ಇರಲಿ. ಕುರ್ಚಿ ಮುಟ್ಟುವ ಮೊದಲು "ಸಹಾಯ ಬೇಕಾ?" ಎಂದು ಕೂತವರನ್ನೇ ಕೇಳಲಿ, ಹಿಂದೆ ನಿಂತವರನ್ನಲ್ಲ. ಒದ್ದೆ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ಮುಂದಕ್ಕೆ ತಳ್ಳಿದರೆ ಕೂತವರು ಜಾರಿ ಬೀಳಬಹುದು. ಎತ್ತಬೇಕಾಗಿ ಬಂದರೆ ಗಟ್ಟಿ ಚೌಕಟ್ಟು ಹಿಡಿಯಬೇಕು. ಕೈಯಿಡುವ ತೋಳು ಹಿಡಿದರೆ ಅದು ಕಳಚಿ ಬರುವ ಸಂಭವವಿದೆ. ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಾಲು ಸೇರಿಸಿ: "ವೀಲ್‌ಚೇರ್‌ನವರು ಮೊದಲೇ ತಿಳಿಸಿದರೆ ಮಾಡು ಇರುವ ಬಾಗಿಲಲ್ಲಿ ಜಾಗ ಕಾದಿರಿಸುತ್ತೇವೆ." ಆ ಸಾಲು ಓದಿದವರು ಮಳೆ ನೋಡಿ ಮನೆಯಲ್ಲೇ ಉಳಿಯುವುದಿಲ್ಲ.

ಹೋಗುವುದೋ ಇರುವುದೋ ಎಂಬ ತೀರ್ಮಾನ ಕುರ್ಚಿಯಲ್ಲಿ ಕೂತವರದ್ದು. ಕೆಲವು ದಿನ ಅವರೇ "ಇವತ್ತು ಬೇಡ, ಬಿಸಿ ಕಾಫಿ ಕೊಡಿ ಸಾಕು" ಎನ್ನಬಹುದು, ಅದೂ ಸರಿ. ಬರುತ್ತೇನೆ ಎಂದ ದಿನ ಟವೆಲ್, ಕೈಗವಸು, ಒಣ ಬಟ್ಟೆಯ ಚೀಲ ಬಾಗಿಲ ಹತ್ತಿರ ತಯಾರಿರಲಿ. ಹೊರಡುವ ಮುಂಚೆ ಅವರನ್ನು ಒಂದು ಮಾತು ಕೇಳಿ.